ಮುಂದಿನ ವರ್ಷದ ಲೆಕ್ಕ: ವ್ಯಾಪಾರ ಯೋಜನೆ ಮತ್ತು ಕಂಪ್ಯೂಟರ್ ತಂತ್ರಾಂಶ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಇಂದು ನನಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ಉದ್ದವಾದದ್ದು: ಎಂಟರ್‌ಪ್ರೈಸ್ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ತಂತ್ರಾಂಶ. ಚಿಕ್ಕದಾಗಿ ಇ.ಪಿ.ಎಂ. ಎನ್ನುತ್ತಾರೆ. ದೊಡ್ಡ ಕಂಪನಿಗಳು ಮುಂದಿನ ವರ್ಷದ ಬಜೆಟ್ ಮಾಡಲು, ಪ್ರತಿ ತಿಂಗಳು ಬಜೆಟ್ಟಿಗೂ ನಿಜವಾದ ಖರ್ಚಿಗೂ ತಾಳೆ ಹಾಕಲು, ಪರಿಸ್ಥಿತಿ ಬದಲಾದಾಗ ಅಂದಾಜನ್ನು ತಿದ್ದಲು ಬಳಸುವ ಸಲಕರಣೆ ಇದು. ಇಂಥ ವಿಷಯ ನಮ್ಮ ಮಲೆನಾಡಿನ ಅಂಗಡಿಕಾರರಿಗೆ, ಲಾರಿ ಮಾಲೀಕರಿಗೆ, ಬಿ.ಕಾಂ. ಓದುವ ಮಕ್ಕಳಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕು ಎಂದು ತೋರಿಸುವುದೇ ನನ್ನ ಕೆಲಸ. ತಂತ್ರಾಂಶ ಕೊಳ್ಳುವುದಕ್ಕೆ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ, ಅವುಗಳಿಗೆ ಹಣ ಬೇಕಿಲ್ಲ, ಅವನ್ನು ಮಾಡದೆ ಹೋದರೆ ಎಷ್ಟು ಹಣ ಸುರಿದರೂ ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕಾಗಿದೆ.

ನಡೆದ ಲೆಕ್ಕ, ನಡೆಯಬೇಕಾದ ಲೆಕ್ಕ

ನಮ್ಮಲ್ಲಿ ಹೆಚ್ಚಿನವರಿಗೆ ಟ್ಯಾಲಿ ಗೊತ್ತು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಕಂಪನಿ ಅದು. ಇಂದು ದೇಶದ ಸಣ್ಣ ಪಟ್ಟಣಗಳ ಅಂಗಡಿಗಳಲ್ಲೂ ಅದನ್ನು ಕಾಣುತ್ತೇವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಕಂಪ್ಯೂಟರ್ ಲೆಕ್ಕ ಇಲ್ಲದೆ ವ್ಯಾಪಾರ ಮಾಡುವುದೇ ಕಷ್ಟವಾಯಿತು. ಟ್ಯಾಲಿ ಏನು ಹೇಳುತ್ತದೆ? ನಿನ್ನೆ ಎಷ್ಟು ಮಾರಿದಿರಿ, ಯಾರಿಂದ ಬಾಕಿ ಬರಬೇಕು, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳುತ್ತದೆ. ಇದು ನಡೆದುಹೋದದ್ದರ ಲೆಕ್ಕ.

ದೊಡ್ಡ ಸಂಸ್ಥೆಗಳಲ್ಲಿ ಇದೇ ಕೆಲಸವನ್ನು ಖರೀದಿ, ದಾಸ್ತಾನು, ಸಂಬಳ ಎಲ್ಲವನ್ನೂ ಸೇರಿಸಿ ಮಾಡುವ ತಂತ್ರಾಂಶಕ್ಕೆ ಇ.ಆರ್.ಪಿ. ಎನ್ನುತ್ತಾರೆ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಗಣಕೀಕರಣಗೊಳಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮೇಲ್ವಿಚಾರಣೆಯಲ್ಲಿ ಎಲ್ಲ ಸಂಘಗಳಿಗೂ ಒಂದೇ ಇ.ಆರ್.ಪಿ. ತಂತ್ರಾಂಶ ಕೊಡುವುದು ಅದರ ಉದ್ದೇಶ. ಸಹಕಾರಿ ಸಂಘಗಳು ಬೇರುಬಿಟ್ಟಿರುವ ನಮ್ಮ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

ಆದರೆ ಇ.ಆರ್.ಪಿ. ಕೂಡ ಮುಖ್ಯವಾಗಿ ನಡೆದದ್ದನ್ನು ಬರೆದಿಡುತ್ತದೆ. ಮುಂದಿನ ಹಂಗಾಮಿನಲ್ಲಿ ಎಷ್ಟು ಮಾಲು ಬಂದೀತು, ಅದಕ್ಕೆ ಎಷ್ಟು ಬಂಡವಾಳ ಬೇಕು, ದರ ಕುಸಿದರೆ ಏನು ಮಾಡುವುದು ಎಂಬ ಪ್ರಶ್ನೆಗಳಿಗೆ ಬೇರೆಯೇ ಸಲಕರಣೆ ಬೇಕಾಗುತ್ತದೆ. ಅದೇ ಇ.ಪಿ.ಎಂ. ಎರಡೂ ಒಂದರ ಪಕ್ಕ ಒಂದು ಇರುತ್ತವೆ. ಇ.ಆರ್.ಪಿ.ಯಿಂದ ನಿಜವಾದ ಅಂಕಿಗಳು ಬರುತ್ತವೆ, ಇ.ಪಿ.ಎಂ.ನಲ್ಲಿ ಯೋಜನೆಯ ಅಂಕಿಗಳಿರುತ್ತವೆ, ಎರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ.

ಅಡಿಕೆಯ ಉದಾಹರಣೆ

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಅಡಿಕೆಯಿಂದಲೇ ತಿಳಿಯೋಣ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತು ಸಿಕ್ಕಿತು. ಅದರ ವ್ಯಾಪ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೇ ತಾಲೂಕು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಾವೆಲ್ಲ ಟಿ.ಎಸ್.ಎಸ್. ಎಂದು ಕರೆಯುವ ಸಂಸ್ಥೆ, 1923ರಲ್ಲಿ ಹುಟ್ಟಿದ್ದು. ನೂರು ವರ್ಷಗಳಿಂದ ಈ ಮೂರು ತಾಲೂಕುಗಳ ವ್ಯವಹಾರ, ಬೆಳೆಗಾರರದಿರಲಿ, ವ್ಯಾಪಾರಿಗಳದಿರಲಿ, ಕೂಲಿ ಕಾರ್ಮಿಕರದಿರಲಿ, ಅಡಿಕೆಯ ಸುತ್ತ ನಡೆದಿದೆ.

ಮೂರೂ ಪೇಟೆಗಳಲ್ಲಿ ಅಡಿಕೆ ಕೊಳ್ಳುವ ಒಬ್ಬ ವ್ಯಾಪಾರಿ ಇದ್ದಾನೆ ಎಂದಿಟ್ಟುಕೊಳ್ಳಿ. ಚಾಲಿ, ರಾಶಿ, ತಟ್ಟಿಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಆರು ತರಗತಿಗಳನ್ನು ಮಾತ್ರ ಹಿಡಿಯೋಣ. ಮೂರು ಪೇಟೆ, ಆರು ತರಗತಿ, ಹನ್ನೆರಡು ತಿಂಗಳು: 216 ಮನೆಗಳು. ಪ್ರತಿ ಮನೆಯಲ್ಲೂ ಪ್ರಮಾಣ ಮತ್ತು ದರ ಎಂಬ ಎರಡು ಅಂಕಿ: 432. ಈ ವರ್ಷದ ಯೋಜನೆ, ಈ ವರ್ಷದ ವಾಸ್ತವ, ಹಿಂದಿನ ವರ್ಷದ ವಾಸ್ತವ ಎಂಬ ಮೂರು ಪ್ರತಿಗಳು: 1,296 ಅಂಕಿಗಳು. ಒಬ್ಬ ಸಣ್ಣ ವ್ಯಾಪಾರಿಯ ಸ್ಥಿತಿಯೇ ಹೀಗಿದ್ದರೆ, ನೂರಾರು ಶಾಖೆಗಳ ಕಂಪನಿಯ ಗತಿ ಏನು?

ಇಂಥ ಅಂಕಿಗಳನ್ನು ಸಾಲು-ಕಂಬಗಳ ಹಾಳೆಯಲ್ಲಿ ಇಡುವ ಬದಲು, ಹಲವು ಮುಖಗಳ ಪೆಟ್ಟಿಗೆಯಂತೆ ಜೋಡಿಸಿಡುವುದೇ ಈ ತಂತ್ರಾಂಶಗಳ ಮೂಲ ಉಪಾಯ. ಪೆಟ್ಟಿಗೆಯನ್ನು ಒಂದು ಕಡೆಯಿಂದ ನೋಡಿದರೆ ಯಲ್ಲಾಪುರದ ಇಡೀ ವರ್ಷ ಕಾಣುತ್ತದೆ, ಇನ್ನೊಂದು ಕಡೆಯಿಂದ ನೋಡಿದರೆ ಮೂರೂ ಪೇಟೆಗಳ ಚಾಲಿ ಕಾಣುತ್ತದೆ. 1992ರಲ್ಲಿ ಬಂದ ಎಸ್‌ಬೇಸ್ ಎಂಬ ತಂತ್ರಾಂಶ ಈ ಉಪಾಯಕ್ಕೆ ಹೆಸರಾಯಿತು. ಅದು ಮುಂದೆ ಹೈಪೀರಿಯನ್ ಕಂಪನಿಯ ಪಾಲಾಗಿ, 2007ರಲ್ಲಿ ಒರಾಕಲ್ ಆ ಕಂಪನಿಯನ್ನೇ ಸುಮಾರು 330 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಎಸ್.ಎ.ಪಿ. ಕಂಪನಿ ಔಟ್‌ಲುಕ್‌ಸಾಫ್ಟ್ ಅನ್ನು ಕೊಂಡಿತು, ಐ.ಬಿ.ಎಂ. ಕಂಪನಿ ಕಾಗ್ನೋಸ್ ಕೊಳ್ಳುವುದಾಗಿ ಪ್ರಕಟಿಸಿತು. ತಂತ್ರಾಂಶ ಮಾರುತ್ತಿದ್ದ ಈ ಮೂವರು ದೈತ್ಯರೂ ಒಂದೇ ವರ್ಷದಲ್ಲಿ ಯೋಜನೆಯ ತಂತ್ರಾಂಶಕ್ಕೆ ಕೈ ಹಾಕಿದರು ಎಂದರೆ ಅದರ ಬೇಡಿಕೆ ಎಷ್ಟಿತ್ತು ಎಂದು ಊಹಿಸಿಕೊಳ್ಳಿ.

ಕಾರಣದಿಂದ ಅಂಕಿಗೆ

ಯೋಜನೆ ಎಂದರೆ ಹೋದ ವರ್ಷದ ಅಂಕಿಗೆ ಶೇಕಡಾ ಹತ್ತು ಸೇರಿಸುವುದು ಎಂದು ಹಲವರು ತಿಳಿದಿದ್ದಾರೆ. ಅದು ಯೋಜನೆಯಲ್ಲ. ಶಿರಸಿಯ ಬಟ್ಟೆ ಅಂಗಡಿಯವರನ್ನು ಕೇಳಿ ನೋಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯಿರುವ ತಿಂಗಳನ್ನು ಜಾತ್ರೆಯಿಲ್ಲದ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ವ್ಯಾಪಾರ ಗಗನಕ್ಕೇರಿದಂತೆ ಕಾಣುತ್ತದೆ, ಮರುವರ್ಷ ನೋಡಿದರೆ ಪಾತಾಳಕ್ಕಿಳಿದಂತೆ ಕಾಣುತ್ತದೆ. ಎರಡೂ ಸುಳ್ಳು. ಹೋಲಿಸಬೇಕಾದದ್ದು ಎರಡು ವರ್ಷ ಹಿಂದಿನ ಜಾತ್ರೆಗೆ. ಈದ್ ಹಬ್ಬದ ವ್ಯಾಪಾರವೂ ಹಾಗೆಯೇ. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ಅದೇ ತಿಂಗಳನ್ನು ನೋಡಿ ಮಾಲು ತರಿಸಿದವನ ಚಪ್ಪಲಿ, ಬಟ್ಟೆ ಹಬ್ಬ ಮುಗಿದ ಮೇಲೆ ಬಂದು ಗೋದಾಮಿನಲ್ಲಿ ಕೂರಬಹುದು.

ಆದ್ದರಿಂದ ಅಂಕಿಯ ಹಿಂದಿರುವ ಕಾರಣವನ್ನು ಹಿಡಿಯಬೇಕು. ತೋಟಕ್ಕೆ ಮೈಲುತುತ್ತ ಎಷ್ಟು ಬೇಕು ಎಂಬುದಕ್ಕೆ ಹೋದ ವರ್ಷದ ಬಿಲ್ಲು ಮಾತ್ರ ಉತ್ತರವಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಷ್ಟು ಎಕರೆ, ಎಕರೆಗೆ ಎಷ್ಟು ಲೀಟರ್, ಎಷ್ಟು ಸಲ ಸಿಂಪಡಣೆ ಎಂಬ ಮೂರು ಸಂಗತಿ ಗೊತ್ತಿದ್ದರೆ ಉಳಿದದ್ದು ಗುಣಾಕಾರ. ಮಳೆ ಹೆಚ್ಚಾಗಿ ಕೊಳೆರೋಗಕ್ಕೆ ಇನ್ನೊಂದು ಸಿಂಪಡಣೆ ಬೇಕಾದರೆ ಒಂದೇ ಅಂಕಿ ಬದಲಿಸಿದರೆ ಸಾಕು, ಇಡೀ ಯೋಜನೆ ತಾನಾಗಿ ಬದಲಾಗುತ್ತದೆ. ತಂತ್ರಾಂಶದ ನಿಜವಾದ ಶಕ್ತಿ ಇಲ್ಲಿದೆ.

'ಹೀಗಾದರೆ ಏನು' ಎಂದು ಮೊದಲೇ ಕೇಳಿಟ್ಟುಕೊಳ್ಳುವುದೂ ಇದೇ ಜಾಣ್ಮೆ. 2021ರ ಜುಲೈನ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಸಂಚಾರ ನಿಂತದ್ದು ಯಲ್ಲಾಪುರದವರಿಗೆ ನೆನಪಿದೆ. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹದಿನೈದು ದಿನ ರಸ್ತೆ ಮುಚ್ಚಿದರೆ ಕಂತು, ವಿಮೆ, ಚಾಲಕರ ಸಂಬಳಕ್ಕೆ ಕೈಯಲ್ಲಿ ಎಷ್ಟಿರಬೇಕು ಎಂದು ಮೇ ತಿಂಗಳಲ್ಲೇ ಲೆಕ್ಕ ಹಾಕಿಟ್ಟವನು ಜುಲೈಯಲ್ಲಿ ಬಡ್ಡಿ ಸಾಲಕ್ಕೆ ಓಡಬೇಕಾಗಿಲ್ಲ.

ಅಳವಡಿಸುವ ಬಗೆ

ಇನ್ನು ಇಂಥ ತಂತ್ರಾಂಶವನ್ನು ಸಂಸ್ಥೆಯೊಂದರಲ್ಲಿ ಅಳವಡಿಸುವುದು ಹೇಗೆ? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಒಂದು ವಸ್ತುವಿಗೆ ಒಂದೇ ಹೆಸರು. ಯಲ್ಲಾಪುರದ ಪೇಟೆಯಲ್ಲಿ 'ಅಪಿ' ಎಂಬ ತರಗತಿ ಇದೆ. ಅದನ್ನು ಒಂದು ಶಾಖೆಯವರು ಬೇರೆಯಾಗಿ ಬರೆದು, ಇನ್ನೊಂದು ಶಾಖೆಯವರು ರಾಶಿಯೊಳಗೆ ಸೇರಿಸಿದರೆ ಕೂಡಿದ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ. 'ಸಾಗಾಣಿಕೆ' ಎಂದರೆ ಲಾರಿ ಬಾಡಿಗೆ ಮಾತ್ರವೇ, ಹಮಾಲಿಯೂ ಸೇರಿತೇ? ಇಂಥ ಪ್ರಶ್ನೆಗಳನ್ನು ಎಲ್ಲರೂ ಕೂತು ಬಗೆಹರಿಸಿ ಪಟ್ಟಿ ಮಾಡಬೇಕು. ಈ ಕೆಲಸ ಬೇಸರದ್ದು. ಆದರೆ ತಂತ್ರಾಂಶಗಳು ಸೋಲುವುದು ಬಹಳ ಸಲ ಇಲ್ಲೇ.

ಎರಡನೆಯದು, ಅಂಕಿಗೆ ಒಬ್ಬ ಹೊಣೆಗಾರ. ಅಂಕಿ ಕೊಡುವವರು ಯಾರು, ಒಪ್ಪುವವರು ಯಾರು, ಯಾವ ದಿನಾಂಕದೊಳಗೆ ಎಂಬುದು ಬರವಣಿಗೆಯಲ್ಲಿರಬೇಕು. ಗುರಿ ಮುಟ್ಟಿದವರಿಗೆ ಬಹುಮಾನ ಎಂದರೆ ಜನ ಗುರಿಯನ್ನೇ ಚಿಕ್ಕದಾಗಿ ಹೇಳುತ್ತಾರೆ. ಇದು ಮನುಷ್ಯಸ್ವಭಾವ, ಯಾವ ಕಂಪ್ಯೂಟರೂ ಅದನ್ನು ತಿದ್ದಲಾರದು. ಮೇಲಿನವರು ಅಂಕಿಯ ಜೊತೆಗೆ ಅದರ ಕಾರಣವನ್ನೂ ಕೇಳಬೇಕು.

ಮೂರನೆಯದು, ಹೊಸ ದಾರಿ ತೆರೆದ ಮೇಲೆ ಹಳೆಯ ದಾರಿಯನ್ನು ಮುಚ್ಚಬೇಕು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪಾಠವಿದೆ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿ, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೊಡಲಾಯಿತು. ಅದು ಯಶಸ್ವಿಯಾಗಲು ಮುಖ್ಯ ಕಾರಣವೊಂದಿದೆ: ಕಂಪ್ಯೂಟರ್ ಪಹಣಿ ಬಂದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರಕಾರ ಸಾರಿತು. ಎರಡೂ ನಡೆಯಲಿ ಎಂದಿದ್ದರೆ ಜನ ಹಳೆಯದನ್ನೇ ಹಿಡಿಯುತ್ತಿದ್ದರು. ಕಂಪನಿಗಳಲ್ಲೂ ಅಷ್ಟೆ. ಕೆಲವು ತಿಂಗಳು ಎರಡನ್ನೂ ಜೊತೆಯಾಗಿ ನಡೆಸಿ ತಾಳೆ ನೋಡಬೇಕು. ತಾಳೆಯಾದ ಮೇಲೆ ಮ್ಯಾನೇಜರರ ಮೇಜಿನ ಒಳಗಿರುವ ಖಾಸಗಿ ಪುಸ್ತಕ ಮುಚ್ಚಬೇಕು.

ನಾಲ್ಕನೆಯದು, ತಿಂಗಳಿಗೊಮ್ಮೆ ಕೂತು ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ. ನೂರು ಕ್ವಿಂಟಲ್ ಅಡಿಕೆಯನ್ನು 45,000 ರೂಪಾಯಿ ದರದಲ್ಲಿ ಮಾರುವ ಯೋಜನೆ ಇತ್ತು ಎನ್ನಿ. ಮಾರಿದ್ದು 90 ಕ್ವಿಂಟಲ್, ಸಿಕ್ಕ ದರ 48,000. ಯೋಜನೆ 45 ಲಕ್ಷ, ಬಂದದ್ದು 43 ಲಕ್ಷ 20 ಸಾವಿರ, ಕೊರತೆ 1 ಲಕ್ಷ 80 ಸಾವಿರ. ಇಷ್ಟೇ ನೋಡಿದರೆ ಸಾಲದು. ದರ ಏರಿದ್ದರಿಂದ 90 ಕ್ವಿಂಟಲಿಗೆ 2 ಲಕ್ಷ 70 ಸಾವಿರ ಲಾಭವಾಯಿತು, ಹತ್ತು ಕ್ವಿಂಟಲ್ ಕಡಿಮೆಯಾದ್ದರಿಂದ 4 ಲಕ್ಷ 50 ಸಾವಿರ ಕೈತಪ್ಪಿತು. ಈಗ ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಯಿತು: ಆ ಹತ್ತು ಕ್ವಿಂಟಲ್ ಎಲ್ಲಿ ಹೋಯಿತು? ಕೊಳೆಗೆ ಹೋಯಿತೇ, ಬೇರೆ ಮಂಡಿಗೆ ಹೋಯಿತೇ, ಗೋದಾಮಿನಲ್ಲೇ ಇದೆಯೇ? ತಂತ್ರಾಂಶ ಪ್ರಶ್ನೆಯನ್ನು ಮುಂದಿಡುತ್ತದೆ. ಉತ್ತರವನ್ನು ಮನುಷ್ಯರೇ ಹುಡುಕಬೇಕು.

ಸೋತವರಿಂದ ಪಾಠ

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಶೂ ತಯಾರಿಸುವ ನೈಕಿ ಕಂಪನಿ 2000ದಲ್ಲಿ ಬೇಡಿಕೆಯನ್ನು ಮುಂದಾಗಿ ಅಂದಾಜಿಸುವ ತಂತ್ರಾಂಶ ಅಳವಡಿಸಿತು. ಹಳೆಯ ವ್ಯವಸ್ಥೆಗೂ ಹೊಸದಕ್ಕೂ ಹೊಂದಾಣಿಕೆಯಾಗಲಿಲ್ಲ, ಬಳಸುವವರಿಗೆ ತರಬೇತಿ ಸಾಲಲಿಲ್ಲ. ಬೇಡದ ಶೂಗಳು ರಾಶಿ ಬಿದ್ದವು, ಬೇಕಾದವು ಸಿಗಲಿಲ್ಲ. ಸುಮಾರು ಹತ್ತು ಕೋಟಿ ಡಾಲರಿನ ಮಾರಾಟ ಕೈತಪ್ಪಿತೆಂದು 2001ರಲ್ಲಿ ಕಂಪನಿಯೇ ಹೇಳಿಕೊಂಡಿತು.

ಹಾಗೆಂದು ಎಕ್ಸೆಲ್ ಹಾಳೆಯಲ್ಲೇ ಎಲ್ಲವನ್ನೂ ನಡೆಸುವುದೂ ಅಪಾಯವೇ. 2020ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ ಸಾಲುಗಳು ಮುಗಿದುಹೋಗಿ ಸುಮಾರು 16,000 ಕೊರೋನಾ ಸೋಂಕಿತರ ವಿವರ ವರದಿಯಿಂದ ಬಿಟ್ಟುಹೋಯಿತು. ದೇಶಗಳ ಸಾಲದ ಬಗ್ಗೆ 2010ರಲ್ಲಿ ಇಬ್ಬರು ಪ್ರಖ್ಯಾತ ಅರ್ಥಶಾಸ್ತ್ರಜ್ಞರು ಬರೆದ ಲೇಖನವನ್ನು ಹಲವು ಸರಕಾರಗಳು ಆಧಾರವಾಗಿಟ್ಟುಕೊಂಡಿದ್ದವು. ಅವರ ಹಾಳೆಯಲ್ಲಿ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು ಎಂಬುದನ್ನು 2013ರಲ್ಲಿ ಕಂಡುಹಿಡಿದವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಕಾಲೇಜು ಕೊಟ್ಟ ಅಭ್ಯಾಸಕ್ಕಾಗಿ ಲೆಕ್ಕವನ್ನು ಮತ್ತೆ ಮಾಡಿ ನೋಡಿದ್ದನಷ್ಟೆ. ಮಕ್ಕಳೇ, ದೊಡ್ಡವರ ಲೆಕ್ಕವನ್ನು ವಿನಯದಿಂದ ಮತ್ತೆ ಮಾಡಿ ನೋಡುವುದಕ್ಕೆ ನಿಮಗೂ ಹಕ್ಕಿದೆ.

ನಮ್ಮಲ್ಲಿರುವ ಒಬ್ಬಿಬ್ಬರು ನೌಕರರ ಅಂಗಡಿಗೆ ಒರಾಕಲ್, ಎಸ್.ಎ.ಪಿ. ಬೇಕಿಲ್ಲ. ಎಕ್ಸೆಲ್ ಹಾಳೆ ಸಾಕು, ಅದೂ ಇಲ್ಲದಿದ್ದರೆ ಗೆರೆ ಎಳೆದ ಪುಸ್ತಕ ಸಾಕು. ಆದರೆ ಅಂಕಿ ಕೊಡುವವರು ಹತ್ತಾರು ಮಂದಿಯಾಗಿ, ಯಾವ ಹಾಳೆ ಹೊಸದು ಯಾವುದು ಹಳೆಯದು ಎಂದು ಜಗಳ ಶುರುವಾದಾಗ ತಂತ್ರಾಂಶದ ಕಾಲ ಬಂತೆಂದು ತಿಳಿಯಬೇಕು.

ನಮ್ಮ ವಿದ್ಯಾರ್ಥಿವೇತನದ ಲೆಕ್ಕ

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರುತ್ತೇನೆ. ಶಿಕ್ಷಣ ಸಂಸ್ಥೆಗೆ ಯೋಜನೆಯಿಂದ ಏನು ಪ್ರಯೋಜನ ಎಂಬುದಕ್ಕೆ ವಿದ್ಯಾರ್ಥಿವೇತನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಒಂದು ಸಂಘ ಪ್ರತಿ ವರ್ಷ ಹೊಸದಾಗಿ ಹತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಲಾ 20,000 ರೂಪಾಯಿ ಕೊಡಲು ತೀರ್ಮಾನಿಸಿತು ಎಂದಿಟ್ಟುಕೊಳ್ಳಿ. ಮೊದಲ ವರ್ಷ ಎರಡು ಲಕ್ಷ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಓದು ನಾಲ್ಕು ವರ್ಷದ್ದು. ಎರಡನೆಯ ವರ್ಷ ಹಳಬರು ಹತ್ತು, ಹೊಸಬರು ಹತ್ತು: ನಾಲ್ಕು ಲಕ್ಷ. ಮೂರನೆಯ ವರ್ಷ ಆರು, ನಾಲ್ಕನೆಯ ವರ್ಷ ಎಂಟು ಲಕ್ಷ. ಶುಲ್ಕ ಏರಿದರೆ ಇನ್ನೂ ಹೆಚ್ಚು. ಕೊಟ್ಟದ್ದು ಒಂದು ವರ್ಷದ ಸಹಾಯವಲ್ಲ, ನಾಲ್ಕು ವರ್ಷದ ಮಾತು. ಮೊದಲ ವರ್ಷದ ಲೆಕ್ಕವನ್ನಷ್ಟೇ ನೋಡಿ ಮಾತು ಕೊಟ್ಟರೆ, ಮೂರನೆಯ ವರ್ಷದಲ್ಲಿ ಹಣ ಸಾಲದೆ ಯಾವುದೋ ಮಗು ಅರ್ಧಕ್ಕೆ ಓದು ಬಿಡಬೇಕಾಗುತ್ತದೆ. ಆ ಮಗು ನಮ್ಮ ಆಯವ್ಯಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಆ ಪಟ್ಟಿ ಚೊಕ್ಕವಾಗಿಯೇ ಇರುತ್ತದೆ, ಲೆಕ್ಕಪರಿಶೋಧಕರೂ ಸಹಿ ಹಾಕುತ್ತಾರೆ.

ಇನ್ನೊಂದು ಸಂಗತಿ. ಜಕಾತ್ ಮತ್ತು ದಾನದ ಹಣ ಹೆಚ್ಚಾಗಿ ಬರುವುದು ರಂಜಾನ್ ತಿಂಗಳಲ್ಲಿ. ಶಾಲೆ ಕಾಲೇಜಿನ ಶುಲ್ಕ ಕಟ್ಟುವುದು ಜೂನ್ ಆಸುಪಾಸಿನಲ್ಲಿ. 2016ರಲ್ಲಿ ರಂಜಾನ್ ಆರಂಭವಾದದ್ದು ಜೂನ್‌ನಲ್ಲೇ. ಬಂದ ಹಣ ಅಲ್ಲೇ ಶುಲ್ಕಕ್ಕೆ ಹೋಗುವಂತಿತ್ತು. ಅಲ್ಲಿಂದ ಪ್ರತಿ ವರ್ಷ ಹನ್ನೊಂದು ದಿನದಂತೆ ಹಿಂದೆ ಸರಿದು 2026ರಲ್ಲಿ ಅದರ ಆರಂಭ ಫೆಬ್ರವರಿಗೆ ಬಂದಿದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಹೀಗೆ ಒಂದೇ ಇಸವಿಯಲ್ಲಿ ಎರಡು ಸಲ ರಂಜಾನ್ ಆರಂಭವಾಗಲಿದೆ. ಹಣ ಬರುವ ತಿಂಗಳಿಗೂ ಹಣ ಬೇಕಾಗುವ ತಿಂಗಳಿಗೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ. ಬಂದ ಹಣವನ್ನು ಯಾವ ಬಾಬತ್ತಿಗೆ ಎಷ್ಟು, ಯಾವ ತಿಂಗಳವರೆಗೆ ಕಾದಿರಿಸಬೇಕು, ಯಾವುದನ್ನು ಕೂಡಲೇ ತಲುಪಿಸಬೇಕು ಎಂಬುದನ್ನು ಧಾರ್ಮಿಕ ನಿಯಮ ಬಲ್ಲವರೂ ಲೆಕ್ಕ ಬಲ್ಲವರೂ ಒಟ್ಟಿಗೆ ಕೂತು ಮೊದಲೇ ಗೊತ್ತುಮಾಡಬೇಕು. ಪಂಚಾಂಗ ನಮ್ಮ ಕೈಯಲ್ಲಿದೆ, ಹತ್ತು ವರ್ಷದ ದಿನಾಂಕಗಳನ್ನು ಇಂದೇ ಸುಮಾರಾಗಿ ಬರೆಯಬಹುದು.

ಇದಕ್ಕೆ ಕೋಟಿ ರೂಪಾಯಿಯ ತಂತ್ರಾಂಶ ಬೇಕಿಲ್ಲ. ಒಂದು ಹಾಳೆ ಸಾಕು: ಮೇಲೆ ಮುಂದಿನ ಐದು ವರ್ಷಗಳು, ಕೆಳಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರು, ಅವನ ಅಥವಾ ಅವಳ ಓದು ಮುಗಿಯುವ ವರ್ಷದವರೆಗಿನ ಮೊತ್ತ, ಕೊನೆಯಲ್ಲಿ ಮೊತ್ತದ ಮೊತ್ತ. ಹೊಸ ಅರ್ಜಿಗಳನ್ನು ಒಪ್ಪುವ ಮೊದಲು ಆ ಕೊನೆಯ ಸಾಲನ್ನು ಸಭೆಯಲ್ಲಿ ಓದಬೇಕು. ದೊಡ್ಡ ಕಂಪನಿಗಳು ಇ.ಪಿ.ಎಂ.ನಲ್ಲಿ ಮಾಡುವುದು ತಿರುಳಿನಲ್ಲಿ ಇದನ್ನೇ.

ವಿದ್ಯಾರ್ಥಿಗಳಿಗೆ

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಎರಡು ಮಾತು. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಹಣಕಾಸು ಯೋಜನೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅದಕ್ಕೆ ಬೇಕಾದವರು ಬರೀ ಕಂಪ್ಯೂಟರ್ ಬಲ್ಲವರೂ ಅಲ್ಲ, ಬರೀ ಲೆಕ್ಕ ಬಲ್ಲವರೂ ಅಲ್ಲ. ಎರಡನ್ನೂ ಅರಿತವರು ಬೇಕು, ಮಾಲೀಕನಿಗೆ ಅರ್ಥವಾಗುವಂತೆ ಕಾರಣವನ್ನು ವಿವರಿಸಬಲ್ಲವರು ಬೇಕು. ಬಿ.ಕಾಂ. ಓದುವವರು ವೆಚ್ಚ ಲೆಕ್ಕಶಾಸ್ತ್ರದ ವ್ಯತ್ಯಾಸ ವಿಶ್ಲೇಷಣೆಯ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಡಬೇಡಿ. ನಾನು ಮೇಲೆ ಹೇಳಿದ ಅಡಿಕೆಯ ಲೆಕ್ಕ ಅದೇ ಅಧ್ಯಾಯದ್ದು. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಕಲಿಯಿರಿ, ಎಸ್.ಕ್ಯು.ಎಲ್. ಸ್ವಲ್ಪ ಕಲಿಯಿರಿ, ಮನಸ್ಸಿದ್ದವರು ಸಿ.ಎಂ.ಎ. ಪರೀಕ್ಷೆಯ ಕಡೆ ನೋಡಿ. ಹೆಣ್ಣುಮಕ್ಕಳಿಗೆ ಇದು ಬಹಳ ಹೊಂದುವ ವೃತ್ತಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ತಂದೆಯವರ ಅಂಗಡಿಯ, ಲಾರಿಯ, ಗ್ಯಾರೇಜಿನ, ಅಥವಾ ನಿಮ್ಮ ಮನೆಯ ಮುಂದಿನ ಹನ್ನೆರಡು ತಿಂಗಳ ಲೆಕ್ಕವನ್ನು ಈ ವಾರವೇ ಬರೆಯಿರಿ. ಜಾತ್ರೆ, ಹಬ್ಬ, ಮಳೆಗಾಲ, ಶುಲ್ಕದ ತಿಂಗಳು, ಸಾಲದ ಕಂತು ಎಲ್ಲವನ್ನೂ ಗುರುತಿಸಿ. ತಿಂಗಳ ಕೊನೆಗೆ ನಿಜವಾದ ಅಂಕಿಯನ್ನು ಪಕ್ಕದಲ್ಲಿ ಬರೆದು, ವ್ಯತ್ಯಾಸಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಒಂದು ವರ್ಷ ಬಿಡದೆ ಹೀಗೆ ಮಾಡಿದವನು ಯಾವ ಕಂಪನಿಯ ಸಂದರ್ಶನಕ್ಕೆ ಹೋದರೂ ಹೇಳಲು ಅವನ ಬಳಿ ಸ್ವಂತದ್ದೊಂದು ವಿಷಯ ಇರುತ್ತದೆ. ಜೊತೆಗೆ ಮನೆಯ ವ್ಯಾಪಾರವೂ ಸುಧಾರಿಸಿರುತ್ತದೆ.